ಸೌತ್ ಕ್ಯಾರೊಲೈನಾದಲ್ಲಿ ನಾನು ಕಾಣದ ಮುದುಕ

ಆ ಮುದುಕನನ್ನು ನಾನು ಇವತ್ತಿಗೂ ವರ್ಣಿಸಬಲ್ಲೆ. ಮೊಣಕಾಲುದ್ದದ ರಬ್ಬರ್ ಬೂಟು, ಬಣ್ಣ ಹೋದ ನೀಲಿ ಟೊಪ್ಪಿ, ಕಪ್ಪು ಕೈಗಳ ಮೇಲೆ ಒಣಗಿದ ಕೆಸರು. ಗದ್ದೆಯ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೊಳೆಯ ನೀರಿಗೆ ತೋರುಬೆರಳು ಅದ್ದುತ್ತಾನೆ. ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಒಂದು ಕ್ಷಣ ಆಕಾಶ ನೋಡುತ್ತಾನೆ. ಆಮೇಲೆ ತೂಬಿನ ಹಲಗೆಗೆ ಕೈ ಹಾಕುತ್ತಾನೆ. ಅವನ ಹಿಂದೆ ಓಕ್ ಮರದಿಂದ ಜಡೆಯಂತೆ ಇಳಿಬಿದ್ದ ಬೂದು ಪಾಚಿ ಗಾಳಿಗೆ ಅಲ್ಲಾಡುತ್ತಿರುತ್ತದೆ.

ತೊಂದರೆ ಒಂದೇ. ಅವನನ್ನು ನಾನು ಕಂಡಿಲ್ಲ.

ನಾನು ಮೈಸೂರಿನವನು. ಲಂಡನ್ನಿಗೆ ಆರ್ಥಿಕ ಇತಿಹಾಸ ಓದಲು ಬಂದೆ. ಭತ್ತದ ಮೇಲೆ ಪ್ರಬಂಧ ಬರೆಯಬೇಕಾಗಿದ್ದರಿಂದ ಮೂರು ವಾರ ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯಕ್ಕೆ ಹೋಗಿಬಂದೆ. ಪ್ರಬಂಧ ಪಾಸಾಯಿತು, ಪಾಠ ಹೇಳುವ ಕೆಲಸ ಮಾತ್ರ ಸಿಗಲಿಲ್ಲ. ಹೀಥ್ರೂ ಪಕ್ಕದ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಎಂದು ನೋಡಿಕೊಳ್ಳುತ್ತ, ಹೌನ್ಸ್ಲೋದಲ್ಲಿ ಮನೆ ಮಾಡಿಕೊಂಡು ಉಳಿದುಬಿಟ್ಟೆ. ಕಲಿತದ್ದನ್ನು ಖರ್ಚು ಮಾಡಲು ಬೇರೆ ಜಾಗವಿಲ್ಲದೆ ಊಟಕ್ಕೆ ಕರೆದವರ ಮನೆಗಳಲ್ಲಿ ಖರ್ಚು ಮಾಡುತ್ತಿದ್ದೆ. ಯಾರಾದರೂ ತಮ್ಮ ಬಾಲ್ಯದ ಕಥೆ ತೆಗೆದರೆ, ಅದಕ್ಕೆ ಸಾಕ್ಷಿ ಏನು ಎಂದು ಕೇಳುವುದು ನನ್ನ ಚಟ. ನೆನಪು ಎಂಬುದು ಪ್ರತಿ ಸಲ ಹೇಳುವಾಗಲೂ ಹೊಸದಾಗಿ ಕಟ್ಟುವ ಮನೆ, ಹಳೆಯ ಇಟ್ಟಿಗೆ ಅದರಲ್ಲಿ ಒಂದೋ ಎರಡೋ ಇರುತ್ತದೆ ಎಂದು ಹೇಳುತ್ತಿದ್ದೆ. ಈ ಮಾತು ನನಗೂ ಅನ್ವಯಿಸುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ನಂಬಿರಲಿಲ್ಲ.

ಕಳೆದ ದಶಕದ ನಡುವಿನ ವರ್ಷಗಳಲ್ಲಿ ನಾವು ಕೆಲವು ಕನ್ನಡ ಮನೆಯವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕಿಂಗ್ಸ್‌ಬರಿಯ ಒಂದು ಬಾಡಿಗೆ ಹಾಲಿನಲ್ಲಿ ಸೇರುತ್ತಿದ್ದೆವು. ಊಟಕ್ಕೆ ಮುಂಚೆ ಒಬ್ಬರು ಅರ್ಧ ಗಂಟೆ ತಾವು ಕಂಡ ಒಂದು ಊರಿನ ಬಗ್ಗೆ ಮಾತಾಡಬೇಕು. ಒಂದು ಸಲ ಯಾರೋ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಬಂದು ಸ್ವಿಟ್ಜರ್ಲೆಂಡ್ ಓದಿದರು. ಆಗ ಎದ್ದು ನಿಂತು, ಇನ್ನು ಮುಂದೆ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳತಕ್ಕದ್ದು ಎಂದು ನಿಯಮ ಮಾಡಿಸಿದವನು ನಾನೇ. ಪಟ್ಟಿ ಇಟ್ಟುಕೊಳ್ಳುತ್ತಿದ್ದವರು ಧಾರವಾಡದ ಡಾಕ್ಟರಮ್ಮ, ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಇನ್ನೊಂದು ನಿಯಮವನ್ನು ಯಾರೂ ಮಾಡಿರಲಿಲ್ಲ, ಆದರೂ ನಡೆಯುತ್ತಿತ್ತು. ಡಾಕ್ಟರುಗಳು, ಕಂಪ್ಯೂಟರಿನವರು ಮಾತಾಡುತ್ತಿದ್ದರು. ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರು ಅಡುಗೆ ಮಾಡುತ್ತಿದ್ದರು.

ಅಡುಗೆಯವರಲ್ಲಿ ಕುಂದಾಪುರದ ಒಬ್ಬರು ಒಂದು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನನಗಿಂತ ಐದಾರು ವರ್ಷ ಚಿಕ್ಕವರು, ಸಸ್ಯಾಹಾರಿ ಹೋಟೆಲೊಂದರ ದೋಸೆ ಕಾವಲಿ ಅವರ ಪಾಲಿಗೆ. ರಜೆಯ ದಿನ ಅಡುಗೆಮನೆಯಲ್ಲಿ ಅಕ್ಕಿ ನೆನೆಹಾಕುತ್ತ ನನ್ನ ಕ್ಯಾರೊಲೈನಾ ಪುರಾಣಕ್ಕೆ ಕಿವಿಗೊಡುತ್ತಿದ್ದವರು ಅವರೊಬ್ಬರೇ. ಸಮುದ್ರ ಏರಿದಾಗ ಹೊಳೆ ಹಿಮ್ಮೆಟ್ಟಿ ಗದ್ದೆಗೆ ನೀರಾಗುವ ಸಂಗತಿ ಹೇಳಿದರೆ ಹೆಂಡತಿಗೆ ಆಕಳಿಕೆ ಬರುತ್ತಿತ್ತು. ಅವರು ಮಾತ್ರ ಪಾತ್ರೆ ಬದಿಗಿಟ್ಟು, "ನಮ್ಮಲ್ಲೂ ಹಾಂಗೇ ಸಾರ್" ಎಂದು ಏನೋ ಹೇಳುತ್ತಿದ್ದರು. ನಾನು "ಚೆನ್ನಾಗಿದೆ, ಬರೆದಿಡಿ" ಎನ್ನುತ್ತಿದ್ದೆ. ಇಷ್ಟು ನೆನಪಿದೆ. ಅವರು ಏನು ಹೇಳಿದರು ಎಂಬುದು ನೆನಪಿರಲಿಲ್ಲ.

ಅವರು ಬೇರೆ ಮನೆಗೆ ಹೋದ ಮೇಲೆ ಡಾಕ್ಟರಮ್ಮನ ಪಟ್ಟಿಯಲ್ಲಿ ಅವರ ಹೆಸರು ಕಾಣಿಸಿತು. ಅಡುಗೆಯವರ ಪೈಕಿ ಮಾತಾಡಲು ಒಪ್ಪಿದ ಮೊದಲಿಗರು. ಹೋಟೆಲಿನಲ್ಲಿ ರಜೆ ಹೊಂದಿಸಿಕೊಂಡು, ಇಸ್ತ್ರಿ ಮಾಡಿದ ಹೊಸ ಶರಟು ತೆಗೆದಿಟ್ಟಿದ್ದಾರೆ ಎಂದೂ ಕೇಳಿದೆ. ಅವರದಕ್ಕಿಂತ ಒಂದು ತಿಂಗಳು ಮುಂಚಿನ ಸರದಿ ನನ್ನದು.

ಅವತ್ತು ನಾನು ಚೆನ್ನಾಗಿಯೇ ಮಾತಾಡಿದೆ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಬೆಟ್ಟದಿಂದ ಸಮುದ್ರಕ್ಕೆ ಇಳಿಜಾರಾಗಿರುವ ಆ ರಾಜ್ಯವನ್ನು ಗೋಡೆಯ ನಕ್ಷೆಯಲ್ಲಿ ತೋರಿಸಿದೆ. ಕರಾವಳಿಯ ಜೌಗು, ಅದರಲ್ಲಿ ಮರದ ದಿಮ್ಮಿಯ ಹಾಗೆ ಬಿದ್ದುಕೊಂಡಿರುವ ಮೊಸಳೆಗಳು, ಬೇಸಿಗೆಯಲ್ಲಿ ಮರಳಿಗೆ ಬಂದು ಮೊಟ್ಟೆಯಿಡುವ ಕಡಲಾಮೆಗಳು, ಒಂದು ಕಾಲಕ್ಕೆ ಹಿಂಡುಹಿಂಡಾಗಿದ್ದು ಈಗ ಒಂದೂ ಉಳಿಯದ ಹಸಿರು ಗಿಳಿ. ಮುಚ್ಚಿಹೋದ ಹತ್ತಿ ಗಿರಣಿಗಳ ಊರುಗಳಿಗೆ ಆಮೇಲೆ ಕಾರು, ಟೈರು ಕಾರ್ಖಾನೆ ಬಂದದ್ದು. ಕೊನೆಗೆ ಭತ್ತ. ಚಾರ್ಲ್‌ಸ್ಟನ್ ಬಂದರಿಗೆ ಆಫ್ರಿಕಾದಿಂದ ಹಿಡಿದು ತಂದ ಜನ ಜೌಗು ಕಡಿದು, ಏರಿ ಕಟ್ಟಿ, ತೂಬು ಇಟ್ಟು ಗದ್ದೆ ಮಾಡಿದರು. ಬಿಳಿಯ ದೊರೆಗಳು ಶ್ರೀಮಂತರಾದರು. ಆ ಜನರಲ್ಲಿ ಎಷ್ಟೋ ಮಂದಿ ತಮ್ಮೂರಿನಲ್ಲಿ ಭತ್ತ ಬೆಳೆದವರೇ. ಅವರ ಕೈಯಲ್ಲಿದ್ದ ವಿದ್ಯೆಯನ್ನು ಬಹಳ ಕಾಲ ದೊರೆಗಳ ಜಾಣತನವೆಂದೇ ಬರೆದರು ಎಂದು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ನಡುಗಿಸಿದೆನೋ ಏನೋ. ಆ ಮೇಲೆ ಮುದುಕನನ್ನು ತಂದೆ. ಬೂಟು, ಟೊಪ್ಪಿ, ನೀರಿಗೆ ಅದ್ದಿದ ಬೆರಳು. ಹೊಳೆ ಸಿಹಿಯೋ ಉಪ್ಪೋ ಎಂದು ನಾಲಿಗೆಯಲ್ಲಿ ತಿಳಿದು, ಸಿಹಿಯಿದ್ದರೆ ಮಾತ್ರ ಹಲಗೆ ಎತ್ತಿ ಗದ್ದೆಗೆ ಬಿಡುವ ಆ ಕೈ.

ನಮ್ಮ ಮನೆಯಲ್ಲಿ ಬಾಡಿಗೆಗಿದ್ದವರು ಅಡುಗೆಮನೆಯ ಬಾಗಿಲಲ್ಲಿ ಕೈಯೊರೆಸಿಕೊಳ್ಳುತ್ತ ನಿಂತಿದ್ದರು.

"ಸಾರ್, ಒಂದ್ ಮಾತ್. ಆ ನೀರ್ ನೆಕ್ಕಿ ಕಾಂಬುದ್ ಇತ್ತಲೆ, ಅದ್ ನಮ್ಮ್ ಅಮ್ಮಮ್ಮ ಮಾಡ್ತಿದ್ದದ್ದ್. ಹೊಳಿ ಬದಿ ಗದ್ದಿ ನಮ್ದ್. ಹಾಂಗೇ ಬೆರಳ್ ಅದ್ದಿ, ಹಾಂಗೇ ಮೇಲ್ ಕಾಂತಿದ್ರ್."

ಅಮ್ಮಮ್ಮ ಎಂದರೆ ತಾಯಿಯ ತಾಯಿ, ಕಾಂಬುದು ಎಂದರೆ ನೋಡುವುದು. ನಾನು ನಕ್ಕೆ. ಆ ನಗು ಹೇಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಸಾಕ್ಷಿ ಬೇಕಿಲ್ಲ.

"ಆಗ ನಿಮಗೆ ಎಷ್ಟು ವಯಸ್ಸು?"

"ಆರೋ ಏಳೋ."

"ಆರು ವರ್ಷದಲ್ಲಿ ಕಂಡದ್ದು ನೆನಪಲ್ಲರೀ, ಆಮೇಲೆ ಕಟ್ಟಿಕೊಂಡದ್ದು. ಈ ಕ್ಯಾರೊಲೈನಾ ಕಥೆ ನಮ್ಮನೇಲಿ ನಾನೇ ನಿಮಗೆ ಎಷ್ಟು ಸಲ ಹೇಳಿಲ್ಲ? ಅದನ್ನೇ ತಗೊಂಡು ಹೋಗಿ ನಿಮ್ಮಜ್ಜಿ ಮೇಲೆ ಕೂರಿಸಿದ್ದೀರಿ, ಅಷ್ಟೆ."

"ಅಜ್ಜಿನ ಒಂದೇ ಏಟಿಗೆ ಅಮೆರಿಕಾಕ್ಕೆ ಕಳಿಸಿಬಿಟ್ರಲ್ಲಪ್ಪ, ವೀಸಾನೂ ಬೇಡ" ಎಂದು ಮುಂದಿನ ಸಾಲಿನವರೊಬ್ಬರು ಅಂದರು. ಎಲ್ಲರೂ ನಕ್ಕರು. ಬಾಗಿಲಲ್ಲಿದ್ದವರೂ ನಕ್ಕರು.

"ಇಪ್ಪುಕೂ ಸಾಕ್ ಸಾರ್" ಎಂದರು. ಇರಲಿಕ್ಕೂ ಸಾಕು. ಆಮೇಲೆ ಒಳಗೆ ಹೋದರು.

ಮನೆಗೆ ಹೋಗಲು ಟ್ಯೂಬ್ ರೈಲು ಹತ್ತಿದೆವು. ರೈಲು ಬದಲಾಯಿಸಿ ಕೂತ ಮೇಲೆ ಹೆಂಡತಿ ಕೇಳಿದಳು.

"ಆ ಮುದುಕ ಯಾವಾಗ ಬಂದ?"

"ಯಾವ ಮುದುಕ?"

"ನೀರು ನೆಕ್ಕೋನು. ಮದುವೆಯಾದಾಗಿನಿಂದ ಕ್ಯಾರೊಲೈನಾ ಕೇಳ್ತಾನೇ ಇದೀನಿ. ಮೊಸಳೆ ಗೊತ್ತು, ಗಿಳಿ ಗೊತ್ತು, ನೀವು ಬಸ್ಸು ತಪ್ಪಿಸಿಕೊಂಡಿದ್ದು ಗೊತ್ತು. ಇವನನ್ನ ಇವತ್ತೇ ನೋಡಿದ್ದು."

"ನಿನಗೆ ಮರೆತಿರಬೇಕು."

"ಇರಬಹುದು. ಊರಿನವರಿಗೆಲ್ಲ ಸಾಕ್ಷಿ ಕೇಳ್ತೀರಲ್ಲ, ಮನೆಗೆ ಹೋಗಿ ನಿಮ್ಮ ಡೈರಿ ನೋಡಿ."

ನಾನು ಆ ವಾರ ನೋಡಲಿಲ್ಲ, ಮುಂದಿನ ವಾರವೂ ನೋಡಲಿಲ್ಲ. ಡಾಕ್ಟರಮ್ಮ ಫೋನ್ ಮಾಡಿದ್ದರಿಂದ ನೋಡಬೇಕಾಯಿತು.

"ಮುಂದಿನ ತಿಂಗಳಾ ಯಾರರೆ ಮಾತಾಡವರು ಅದಾರೇನ್ರಿ? ನಿಮ್ಮ ಕುಂದಾಪುರದವರು ಹೆಸರ ತಗಸ್ಯಾರ."

"ಯಾಕಂತೆ?"

"ಏನಿಲ್ರಿ, 'ನಾ ಕಂಡಿದ್ದು ಹೌದೋ ಅಲ್ಲೋ ಗೊತ್ತಾಗವಲ್ದು, ಕಂಡಿದ್ದನ್ನಽ ಹೇಳಬೇಕಲ್ಲ' ಅಂದ್ರು. ನಾನೂ ಜುಲುಮಿ ಮಾಡ್ಲಿಲ್ಲ. ಅಡಿಗಿಗೆ ಮಾತ್ರ ಬರ್ತಾರಂತ."

ಫೋನಿಟ್ಟು ಕ್ಯಾರೊಲೈನಾ ಡೈರಿಯಿದ್ದ ಫೈಲು ತೆಗೆದೆ. ಭತ್ತದ ಗದ್ದೆಗೆ ಹೋಗಬೇಕಾಗಿದ್ದ ದಿನದ ಪುಟದಲ್ಲಿ ನನ್ನದೇ ಅಕ್ಷರ: ಇಡೀ ದಿನ ಮಳೆ, ಗದ್ದೆಗೆ ಬಿಡಲಿಲ್ಲ, ಅಂಗಡಿಯಲ್ಲಿ ಕೂತು ಕಾಫಿ ಕುಡಿದು ಬಸ್ಸಿನಲ್ಲಿ ವಾಪಸು. ಬೇರೆ ದಿನ ಹೋಗಿರಬಹುದೆಂದು ಎಲ್ಲ ಪುಟ ತಿರುವಿದೆ. ಹೋಗಿರಲಿಲ್ಲ. ಟೊಪ್ಪಿ, ಬೂಟು ಆ ಅಂಗಡಿಯಲ್ಲಿದ್ದ ಯಾರದಾದರೂ ಇರಬೇಕು.

ಬೆರಳು ಯಾರದು ಎಂಬುದು ಅದೇ ಫೈಲಿನ ಹಿಂದಿನ ಜೇಬಿನಲ್ಲಿತ್ತು. ಹೋಟೆಲಿನಲ್ಲಿ ಆರ್ಡರ್ ಬರೆದುಕೊಳ್ಳುವ ಚೀಟಿಗಳು, ಹನ್ನೊಂದು. ಒಂದು ಬದಿಗೆ ಮಸಾಲೆ ದೋಸೆ, ಇಡ್ಲಿ ವಡೆ. ಇನ್ನೊಂದು ಬದಿಗೆ ನೀಲಿ ಶಾಯಿಯಲ್ಲಿ ದುಂಡಗಿನ ಕನ್ನಡ. "ಸಾರ್, ನೀವು ಬರೆಯಲು ಹೇಳಿದಿರಿ. ತಪ್ಪಿದ್ದರೆ ತಿದ್ದಿ ಕೊಡಬೇಕು" ಎಂದು ಶುರುವಾಗುತ್ತಿತ್ತು. ಮಳೆಗಾಲ ಮುಗಿದು ಹೊಳೆಯ ಬಲ ಕುಗ್ಗಿದ ಮೇಲೆ ಸಮುದ್ರದ ನೀರು ಮೇಲಕ್ಕೆ ಬರುವುದು, ಅದು ಗದ್ದೆಗೆ ನುಗ್ಗಿದರೆ ಆ ವರ್ಷದ ಅಕ್ಕಿ ಹೋದಂತೆಯೇ ಎಂಬುದು, ಅದಕ್ಕೆ ಅಮ್ಮಮ್ಮ ದಿನವೂ ತೂಬಿನ ಬಳಿ ಕೂತು ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಒಮ್ಮೆ ಆಕಾಶ ನೋಡುತ್ತಿದ್ದದ್ದು, ಉಪ್ಪು ಹತ್ತಿದ ದಿನ ಹಲಗೆ ಇಳಿಸಿ ಸಂದಿಗೆ ಮಣ್ಣು ಮೆತ್ತುತ್ತಿದ್ದದ್ದು. ಆಕಾಶದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಗುರುತು. ಚೆನ್ನಾಗಿರುವ ವಾಕ್ಯಕ್ಕೆ ನಾನು ಹಾಕುವ ಗುರುತು.

ಆ ಚೀಟಿಗಳನ್ನು ಓದಿದ ನೆನಪು ನನಗೆ ಇರಲಿಲ್ಲ. ಈಗಲೂ ಇಲ್ಲ. ಇದನ್ನು ಹೇಳಿದರೆ ತಪ್ಪಿಸಿಕೊಳ್ಳುವ ದಾರಿಯ ಹಾಗೆ ಕೇಳಿಸುತ್ತದೆ, ಆದರೂ ನಿಜ. ಅವರ ಅಮ್ಮಮ್ಮನನ್ನು ನಾನು ಕದ್ದೆನೆಂದೂ ತಿಳಿಯದೆ ಕದ್ದಿದ್ದೆ. ಅವಳ ಸೀರೆ ಬಿಚ್ಚಿ ಬೂಟು ತೊಡಿಸಿದ್ದೆ. ಬೆವರು ಸುರಿಸಿದವರ ವಿದ್ಯೆಯನ್ನು ದೊರೆಗಳು ತಮ್ಮದೆಂದರು ಎಂದು ದನಿ ನಡುಗಿಸಿದ ಅದೇ ಹತ್ತು ನಿಮಿಷದಲ್ಲಿ, ಮಾಲು ಯಾರದೋ ಅವರನ್ನೇ ಎಲ್ಲರೆದುರು ಕಳ್ಳ ಎಂದಿದ್ದೆ.

ಮುಂದಿನ ಸಭೆಯಲ್ಲಿ ಐದು ನಿಮಿಷ ಸಮಯ ಕೇಳಿ ಎದ್ದು ನಿಂತೆ. ನಾನು ಹೇಳಿದ ಮುದುಕನನ್ನು ಕಂಡಿಲ್ಲ, ಅದು ನಮ್ಮ ಅಡುಗೆಯವರ ಅಜ್ಜಿಯ ಸಂಗತಿ, ಅವರು ಬರೆದುಕೊಟ್ಟಿದ್ದನ್ನು ನಾನು ನನ್ನದೆಂದು ನಂಬಿದ್ದೆ ಎಂದೆಲ್ಲ ಹೇಳಿದೆ. ಡಾಕ್ಟರಮ್ಮ ತಲೆಯಾಡಿಸಿ, "ಎಷ್ಟ ದೊಡ್ಡ ಮನಸ ನೋಡ್ರಿ" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಚಪ್ಪಾಳೆ. ಅಡುಗೆಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಹೊಗೆ ಎಳೆಯುವ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ನಾನು ಒಳಗೆ ಹೋಗಿ ಮತ್ತೆ ಹೇಳಬೇಕಾಯಿತು. ಅವರು ಸಾಂಬಾರಿನ ಮುಂದೆ ಸೌಟು ಹಿಡಿದು ನಿಂತಿದ್ದರು. ಚೀಟಿಗಳನ್ನು ಮುಂದೆ ಹಿಡಿದೆ.

"ಹೋಯ್, ಇದ್ ನಿಮ್ಮತ್ರ ಇತ್ತಾ? ನಾನ್ ಬಸ್ಸಗ್ ಬಿಟ್ಟೆ ಅಂದೇಳಿ ಮಾಡಿದ್ದೆ. ನಿಮ್ಗ್ ಕೊಟ್ಟದ್ದ್ ನೆನ್ಪೇ ಇಲ್ಲೆ." ತಿರುವಿ ನೋಡಿ, ಪೆನ್ಸಿಲಿನ ಗುರುತಿನ ಮೇಲೆ ಬೆರಳಿಟ್ಟರು. "ಇದೆಂತ ಗುರ್ತ್? ತಪ್ಪಾ?"

"ತಪ್ಪಲ್ಲ. ನಾನು ಹಾಕಿದ್ದು. ಅಲ್ಲಿಂದಲೇ ನಾನು ತೆಗೆದದ್ದು. ನೀವು ಮುಂದಿನ ತಿಂಗಳು ಮಾತಾಡಬೇಕು. ನಿಮ್ಮದೇ ಅದು."

"ಇನ್ ಹೇಳುಕೆ ಎಂತ ಇತ್ತ್ ಸಾರ್? ನಾನ್ ಹೇಳ್ರೆ ನಿಮ್ಮದನ್ನೇ ಹೇಳ್ದಾಂಗ್ ಆತ್ತ್." ಸ್ವಲ್ಪ ಹೊತ್ತು ಸಾಂಬಾರು ತಿರುವಿದರು. "ಮತ್ತೆ ನಂಗೂ ಈಗ ಅನ್ಮಾನ. ಆರ್ ವರ್ಷದವ ಎಂತ ಕಂಡಿಪ್ಪೆ? ಅಮ್ಮಮ್ಮ ಮೇಲ್ ಕಾಂತಿದ್ರೋ, ನಾನೇ ಕಟ್ಟಿದ್ನೋ."

"ನೀವು ಕಂಡದ್ದು ನಿಜ."

"ಅದ್ ನೀವ್ ಹ್ಯಾಂಗ್ ಹೇಳ್ತ್ರಿ? ನೀವ್ ಕಂಡಿದ್ರ್ಯಾ?"

ಕುಚೋದ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ನಾನು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ ಅದು. ಅಮ್ಮಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಬೇರೆ ಯಾರೂ ಕಂಡವರಿಲ್ಲ. ಅವರ ಹತ್ತಿರ ಇದ್ದದ್ದು ಒಂದು ನಂಬಿಕೆ. ಒಂದು ನಗುವಿಗೋಸ್ಕರ ನಾನು ಅದನ್ನು ಅಲುಗಿಸಿಬಿಟ್ಟಿದ್ದೆ.

ಅವರು ಚೀಟಿಗಳನ್ನು ಮಡಚಿ ಶರಟಿನ ಜೇಬಿಗಿಟ್ಟುಕೊಂಡರು. ಸೌಟಿನಿಂದ ಒಂದು ತೊಟ್ಟು ಸಾಂಬಾರನ್ನು ಎಡಗೈಯ ಮೇಲೆ ಬಿಟ್ಟುಕೊಂಡು, ತೋರುಬೆರಳು ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿದರು. ಆಮೇಲೆ ಉಪ್ಪು ಸಾಕೋ ಎಂದು ಯೋಚಿಸುತ್ತ ಮುಖವೆತ್ತಿ, ಒಂದು ಕ್ಷಣ, ಮೇಲೆ ನೋಡಿದರು. ಅಲ್ಲಿ ಅಡುಗೆಮನೆಯ ಬಿಳಿ ಸೀಲಿಂಗು, ಟ್ಯೂಬ್‌ಲೈಟು.

ನೀವೂ ಹಾಗೇ ಮೇಲೆ ನೋಡಿದಿರಿ ಎನ್ನಲು ಬಾಯಿ ತೆರೆದೆ. ಹೇಳಿದ್ದರೆ ಅದನ್ನೂ ನಾನೇ ಕಂಡುಹಿಡಿದ ಹಾಗಾಗುತ್ತಿತ್ತು, ಹೊರಗೆ ಹೋಗಿ ಇನ್ನೊಂದು ಸಲ ಚಪ್ಪಾಳೆ. ಸುಮ್ಮನಾದೆ. ಸುಮ್ಮನಾದದ್ದೂ ಸರಿಯೋ ಎಂದು ಈಗ ಗೊತ್ತಿಲ್ಲ. ಆ ನೋಟ ಅವರಿಗೊಂದು ಸಾಕ್ಷಿಯಾಗಬಹುದಿತ್ತು. ಅಥವಾ, ನಾನು ಆ ಚೀಟಿ ಓದಿದ್ದರಿಂದಲೇ ಅವರು ಮೇಲೆ ನೋಡಿದಂತೆ ನನಗೆ ಕಂಡಿತೇ?

"ಸಾಕ್" ಎಂದರು ಅವರು, ಒಲೆ ಆರಿಸುತ್ತ. "ಸಾರ್, ಆ ಬದಿ ಪಾತ್ರಿ ಕಿವಿ ಹಿಡಿನಿ. ಬಿಸಿ ಇತ್ತ್, ಬಟ್ಟಿ ತಕಣಿ."

ಇಬ್ಬರೂ ಸೇರಿ ಪಾತ್ರೆಯನ್ನು ಹಾಲಿಗೆ ಹೊತ್ತು ತಂದೆವು. ಜನ ಬದಿಗೆ ಸರಿದು ದಾರಿ ಬಿಟ್ಟರು. "ಅರೆ, ಭಾಷಣಕಾರರೇ ಬಡಿಸ್ತಾ ಇದ್ದಾರೆ" ಎಂದು ಯಾರೋ ನಕ್ಕರು. ಅವರು ಮುಂದಿನ ತಿಂಗಳೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ.