ಕರಿಬೇವಿನ ಬುಡದ ಅರ್ಥಿಂಗ್

ಬೇಸಿಗೆಯಲ್ಲಿ ನನ್ನ ಹೆಂಡತಿ ಹುಕ್ಕೇರಿಯ ತವರಿಗೆ ಹೋಗಿ ನಾಲ್ಕು ದಿನವಾಗಿರಲಿಲ್ಲ, ದೂರದೂರಿನ ಗೆಳೆಯರೊಂದಿಗೆ ಮಾತಾಡುವ ನನ್ನ ಹ್ಯಾಮ್ ರೇಡಿಯೊ ಮುನಿಸಿಕೊಂಡಿತು. ಮಾತಾಡಲು ಗುಂಡಿ ಒತ್ತಿದರೆ ಸಾಕು, ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತಿತ್ತು. ರೇಡಿಯೊದ ಬಲ ಹೆಚ್ಚಿಸುವ ಆಂಪ್ಲಿಫೈಯರ್ ತೆಗೆದರೆ ಸರಿ, ಹಾಕಿದರೆ ಮತ್ತೆ ಅದೇ ಕಥೆ. ಹೊಸ ಕೇಬಲ್ಲಿಗಾಗಿ ಗೋಕಾಕದ ಪೇಟೆಗೆ ಎರಡು ಸಲ ಹೋದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಅದು ಜಗ್ಗಲಿಲ್ಲ.

ವಾರದ ಮೇಲೆ ಬಂದವಳೇ ಚೀಲ ಇಳಿಸಿ ಹಿತ್ತಿಲಿಗೆ ನಡೆದಳು.

“ನನ್ನ ಕರಿಬೇವಿಗೆ ಒಂದ್ ಕೊಡ ನೀರ್ ಹಾಕಾಕ ಆಗಲಿಲ್ಲೇನ್ರಿ ನಿಮಗ?” ಎಂದು ರೇಗುತ್ತ ನಾಲ್ಕು ಕೊಡ ಸುರಿದಳು.

ಸಂಜೆ ಗುಂಡಿ ಒತ್ತಿದರೆ ಎಲ್ಲವೂ ಸರಾಗ! ಆಗ ನೆನಪಾಯಿತು: ರೇಡಿಯೊದ ಅರ್ಥಿಂಗ್ ಸಲಾಕೆಯನ್ನು ನಾನೇ ಆ ಗಿಡದ ಬುಡದಲ್ಲಿ ಹೂತಿದ್ದೆ. ನೆಲ ಒಣಗಿದ ಮೇಲೆ ಆಂಪ್ಲಿಫೈಯರಿನ ಅಬ್ಬರವೆಲ್ಲ ಮಣ್ಣಿಗಿಳಿಯದೆ ಕಂಪ್ಯೂಟರಿಗೆ ನುಗ್ಗುತ್ತಿತ್ತು.

ಅಷ್ಟೂ ದಿನ ಫೋನಿನಲ್ಲಿ ನನ್ನ ಗೋಳು ಕೇಳಿದ್ದ ಮೂಡಲಗಿಯ ಗೆಳೆಯ ಅವತ್ತು ರೇಡಿಯೊದಲ್ಲಿ ಕೇಳಿದ: “ಈಗ ಭಾಳ ಚಲೋ ಕೇಳಾಕತ್ತೈತಿ. ಏನ್ ರಿಪೇರಿ ಮಾಡಿದ್ರಿ?”

“ನಾ ಏನೂ ಮಾಡಿಲ್ರಿ,” ಎಂದೆ. “ಮನಿಯಾಕಿ ಊರಿಂದ ಬಂದಾಳ.”