ಕಾವಲಿಯ ಮೇಲೊಂದು ಮೀಸೆ

ಒಂದು ಭಾನುವಾರ ಊರಿನಿಂದ ತಂಗಿ ಫೋನು ಮಾಡಿ, "ಏನಕ್ಕಾ ಇವತ್ತು ತಿಂಡಿ?" ಎಂದಳು. "ಆನೆಯ ಸೊಂಡಿಲು ತಿಂದೆ, ಆಮೇಲೆ ಪಾಂಡಾದ ಒಂದು ಕಿವಿ" ಎಂದೆ. ಕೂಡಲೇ, "ಅಕ್ಕಾ, ಫೋನ್ ಸವಿತಾ ಕೈಗೆ ಕೊಡು" ಎಂದಳು. ಮಗಳು ಸವಿತಾಳ ಮನೆಗೆಂದು ಮಲೇಷ್ಯಾಕ್ಕೆ ಹೋದ ಅಕ್ಕನಿಗೆ ತಲೆ ಕೆಟ್ಟಿತೆಂದು ಹೆದರಿರಬೇಕು.

ತಲೆ ಸರಿಯಾಗಿಯೇ ಇದೆ. ಪುಚೊಂಗಿನ ಈ ಮನೆಯಲ್ಲಿ ಭಾನುವಾರದ ತಿಂಡಿಗೆ ಕಣ್ಣು, ಮೂಗು, ಬಾಲ ಇರುತ್ತವೆ, ಅಷ್ಟೆ. ಅದರ ಹೆಸರು ಪ್ಯಾನ್‌ಕೇಕ್. ಮೈದಾ, ಹಾಲು, ಸಕ್ಕರೆ ಕಲಸಿ ಹುಯ್ಯುವುದು. ನನ್ನ ಲೆಕ್ಕದಲ್ಲಿ ಅದು ಸಿಹಿ ದೋಸೆಯೇ. ನಮ್ಮಮ್ಮ ಬೆಲ್ಲ ಹಾಕಿ ಗೋಧಿಹಿಟ್ಟಿನಲ್ಲಿ ಹುಯ್ಯುತ್ತಿದ್ದಳಲ್ಲ, ಅದರ ಬೆಳ್ಳಗಿನ ನೆಂಟ. ಹಾಗೆಂದರೆ ಮೊಮ್ಮಗಳು ಇಂಚರ ಒಪ್ಪುವುದಿಲ್ಲ. "ಅಜ್ಜಿ, ದೋಸೆ ಈಸ್ ದೋಸೆ, ಪ್ಯಾನ್‌ಕೇಕ್ ಈಸ್ ಪ್ಯಾನ್‌ಕೇಕ್ ಲಾ" ಎನ್ನುತ್ತಾಳೆ. ಈ ಊರಿನಲ್ಲಿ ಮಾತಿನ ಕೊನೆಗೆ ಒಂದು 'ಲಾ' ಬಿದ್ದರೆ ವಾದ ಮುಗಿಯಿತೆಂದು ಅರ್ಥ. ಮೊಮ್ಮಕ್ಕಳು ಮುಂದೆ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅವರು ಕನ್ನಡ ಓದಲು ಕಲಿಯುವವರೆಗೆ ನೀವು ಓದುತ್ತಿರಿ.

ಈ ಚಿತ್ರದ ತಿಂಡಿಗೆ ಒಂದು ಕ್ರಮವಿದೆ. ತೊಳೆದಿಟ್ಟ ಸಾಸ್ ಬಾಟಲಿಗಳಿಗೆ ಹಿಟ್ಟು ತುಂಬಬೇಕು. ಒಂದಕ್ಕೆ ಕೋಕೋ ಪುಡಿ, ಒಂದಕ್ಕೆ ಬೀಟ್ರೂಟಿನ ರಸ, ಹಸಿರಿಗೆ ಇಲ್ಲಿಯವರ ಪಂದಾನ್ ಎಲೆಯ ರಸ. ಎಷ್ಟು ತೊಳೆದರೂ ಮೆಣಸಿನ ಸಾಸಿನ ವಾಸನೆ ಹೋಗದ ಬಾಟಲಿಯೊಂದಿದೆ. ಅದರಲ್ಲಿ ಬರೆದ ಹುಲಿ ನಿಜವಾಗಿಯೂ ಖಾರವಾಗಿತ್ತು. ಕಾವಲಿ ಸಣ್ಣ ಉರಿಯಲ್ಲಿರಬೇಕು. ಮೊದಲು ಕೋಕೋ ಹಿಟ್ಟಿನಲ್ಲಿ ಗೆರೆ ಎಳೆದು, ಅದು ಸ್ವಲ್ಪ ಬೆಂದ ಮೇಲೆ ಉಳಿದ ಹಿಟ್ಟನ್ನು ಹುಯ್ಯಬೇಕು. ಮೊದಲು ಬಿದ್ದ ಗೆರೆ ಹೆಚ್ಚು ಹೊತ್ತು ಬೆಂದು ಕಪ್ಪಾಗುತ್ತದೆ, ಕೊನೆಗೆ ಬಿದ್ದದ್ದು ತೆಳುವಾಗಿಯೇ ಉಳಿಯುತ್ತದೆ. ನನ್ನ ನೆನಪೂ ಹೀಗೆಯೇ. ಈಗ ತಾನೆ ಕನ್ನಡಕ ಎಲ್ಲಿಟ್ಟೆ ಎಂಬುದು ತೆಳು, ನನ್ನ ಮದುವೆಯಲ್ಲಿ ಯಾವ ಅತ್ತಿಗೆ ಮುನಿಸಿಕೊಂಡರು ಎಂಬುದು ಅಚ್ಚ ಕಪ್ಪು.

ಹಳ್ಳಿಯ ಶಾಲೆಯಲ್ಲಿ ನನಗೆ ಯಾರೂ ಚಿತ್ರ ಬರೆಯಲು ಕಲಿಸಲಿಲ್ಲ. ಗೊತ್ತಿದ್ದದ್ದು ರಂಗೋಲಿ ಮಾತ್ರ. ಆದರೆ ರಂಗೋಲಿಯಲ್ಲಿ ಬರೆದದ್ದೇ ಕಾಣುತ್ತದೆ. ಇಲ್ಲಿ ನಮಗೆ ಕಾಣುವುದು ಚಿತ್ರದ ಬೆನ್ನು. ಮುಖ ಕೆಳಗೆ ಬೇಯುತ್ತಿರುತ್ತದೆ. ಮಗುಚಿದರೆ ಎಡ ಬಲವಾಗುತ್ತದೆ. ಒಮ್ಮೆ ಇಂಚರ ಪಕ್ಕದೂರು ಪೆಟಾಲಿಂಗ್ ಜಯಾಕ್ಕೆ ಹೊರಟ ರೈಲನ್ನು ಬರೆದಳು. ಮಗುಚಿದಾಗ ಅದು ವಾಪಸು ಬರುತ್ತಿತ್ತು.

ಇನ್ನು ಧ್ರುವನ ವಿಷಯ. ಇಂಚರಳ ತಮ್ಮ, ನಾಲ್ಕು ವರ್ಷದವನು. ಅವನು ಹುಟ್ಟುವ ಮೊದಲೇ ನಮ್ಮ ಯಜಮಾನರು ತೀರಿಕೊಂಡರು. ನಾನು ಇಲ್ಲಿಗೆ ಬರುವಾಗ ಅವರ ಫೋಟೋವನ್ನು ಸೀರೆಯಲ್ಲಿ ಸುತ್ತಿ ತಂದೆ. ಅಳಿಯಂದಿರು ಹಾಲಿನ ಗೋಡೆಗೆ ಹಾಕಿಕೊಟ್ಟರು. ಯಜಮಾನರು ಕರೆಂಟಿನ ಲೈನ್‌ಮನ್ ಆಗಿದ್ದಾಗ ಆಫೀಸಿನ ಗುರುತಿನ ಚೀಟಿಗೆ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದ್ದು. ಹುಬ್ಬು ಗಂಟು, ಬಿಗಿದ ತುಟಿ. ಧ್ರುವ ಆ ಗೋಡೆಯ ಮುಂದೆ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದ. ಬಚ್ಚಲಿಗೆ ಹೋಗಲೂ ಯಾರಾದರೂ ಜೊತೆಗೆ ಬೇಕು. "ತಾತ ಈಸ್ ಆಂಗ್ರಿ ವಿತ್ ಮಿ" ಎಂದು ಅಳುತ್ತಿದ್ದ.

ಸವಿತಾ ಹಿಂದೆ ಮುಂದೆ ನೋಡಿ ಕೊನೆಗೆ ಕೇಳಿದಳು. "ಅಮ್ಮಾ, ಅಪ್ಪನ ಫೋಟೋ ಸ್ವಲ್ಪ ದಿನ ನಿನ್ನ ಬೀರುವಲ್ಲಿ ಇಡೋಣ್ವಾ? ಅವನು ಒಂಚೂರು ದೊಡ್ಡೋನಾಗ್ಲಿ. ಬೇಜಾರು ಮಾಡ್ಕೋಬೇಡ."

"ಮಗು ಹೆದರುತ್ತೆ ಅಂದ್ರೆ ತೆಗಿ. ನಂಗೇನು ಬೇಜಾರು?" ಎಂದೆ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ, ಜೀವಮಾನವೆಲ್ಲ ಕಂಬ ಹತ್ತಿ ಗಾಳಿಯಲ್ಲಿ ಕೆಲಸ ಮಾಡಿದ ಮನುಷ್ಯ ಇನ್ನು ನನ್ನ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಕೂರಬೇಕಲ್ಲ ಎನಿಸಿತು. ಭಾನುವಾರ ತಿಂಡಿಯಾದ ಮೇಲೆ ಅಳಿಯಂದಿರು ಫೋಟೋ ಇಳಿಸುವುದೆಂದು ಮಾತಾಯಿತು.

ಆ ಭಾನುವಾರ ಇಂಚರ ಬಾಟಲಿ ಕುಲುಕುತ್ತ, "ಇವತ್ತು ತಾತನ್ನ ಮಾಡೋಣ" ಎಂದುಬಿಟ್ಟಳು. ಧ್ರುವ ಕೂಡಲೇ ಊಟದ ಮೇಜಿನ ಕೆಳಗೆ ಸೇರಿದ.

"ಬೇಡ ಕಣೇ, ಅವನು ಅಳ್ತಾನೆ" ಎಂದಳು ಸವಿತಾ. "ಅಲ್ದೆ ತಾತನ್ನ ಯಾರಾದ್ರೂ ತಿಂತಾರಾ?"

"ಮಾಡ್ಲಿ ಬಿಡು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಯಾರಾದರೂ ಗಂಡನ ಹೆಸರು ಕೇಳಿದರೆ, ನೀವೇ ಹೇಳಿ ಎಂಬಂತೆ ಈಗಲೂ ಅಳಿಯನ ಮುಖ ನೋಡುವ ಹೆಂಗಸು ನಾನು.

ಇಂಚರ ಫೋಟೋ ನೋಡಿ ನೋಡಿ ಬಂದು ಬರೆದಳು. ಕನ್ನಡಕ, ದಪ್ಪ ಮೀಸೆ, ಕೆನ್ನೆಯ ಮೇಲಿನ ಮಚ್ಚೆ. "ಅಜ್ಜಿ, ವೈ ಈಸ್ ಹಿ ಸೋ ಫಿಯರ್ಸ್?" ಎಂದಳು.

"ಕೋಪ ಅಲ್ಲ ಕಣೇ. ಫೋಟೋದವನು, 'ಆಫೀಸಿನ ಕಾರ್ಡಿಗೆ, ನಗಬೇಡಿ' ಅಂದ. ತಾತನಿಗೆ ನಗು ತಡೆಯಕ್ಕೆ ಆಗ್ತಿರಲಿಲ್ಲ. ಉಸಿರು ಬಿಗಿ ಹಿಡ್ಕೊಂಡು ಕೂತ್ರು. ಫೋಟೋ ಬಂದ ಮೇಲೆ, 'ಇವನ್ಯಾರೇ ಇನ್‌ಸ್ಪೆಕ್ಟರು, ನಮ್ಮನೆಗೆ ಯಾಕೆ ಬಂದ?' ಅಂತ ಹೊಟ್ಟೆ ಹಿಡ್ಕೊಂಡು ನಕ್ರು."

ಸಿಂಕಿನ ಹತ್ತಿರದಿಂದ ಸವಿತಾ ಹೇಳಿದಳು, "ಮಜ್ಜಿಗೆ ಕುಡಿದು ಮೀಸೆ ಬೆಳ್ಳಗೆ ಮಾಡ್ಕೊಂಡು ನನ್ನ ಮುಂದೆ ಬಂದು ನಿಲ್ತಿದ್ರು. ನಾನು ನಗೋವರೆಗೂ ಒರೆಸ್ಕೋತಿರಲಿಲ್ಲ." ಅವಳ ಕೈಯಲ್ಲಿದ್ದ ಪಾತ್ರೆಯ ಮೇಲೆ ನೀರು ಸುಮ್ಮನೆ ಸುರಿಯುತ್ತಿತ್ತು.

ಮೇಜಿನ ಕೆಳಗಿನಿಂದ ಒಂದು ಸಣ್ಣ ಪ್ರಶ್ನೆ ಬಂತು. "ತಾತ ಫನ್ನಿನಾ?"

"ತುಂಬಾ" ಎಂದೆ.

ಹಿಟ್ಟಿನ ಮೇಲೆ ಗುಳ್ಳೆಗಳು ಎದ್ದು ಒಡೆದವು. ನಾನೇ ಮಗುಚಿದೆ. ತಾತ ಬಂದರು. ಕಾವಲಿಯ ಕಾವಿಗೆ ತುಟಿಯ ಒಂದು ತುದಿ ಮೇಲಕ್ಕೆ ಸರಿದು ನಕ್ಕ ಹಾಗಿತ್ತು. ಆದರೆ ಇಂಚರಳ ಕಣ್ಣಲ್ಲಿ ನೀರು. "ಅಯ್ಯೋ, ಮಚ್ಚೆ ರಾಂಗ್ ಸೈಡ್! ಎಲ್ಲಾ ಉಲ್ಟಾ ಆಯ್ತು. ಇದು ತಾತ ಅಲ್ಲ."

ಮದುವೆಯಾದ ಹೊಸದರಲ್ಲಿ, ಮನೆ ತುಂಬ ಜನರ ನಡುವೆ, ಗಂಡನ ಮುಖವನ್ನು ನೇರ ನೋಡುವ ಧೈರ್ಯ ನನಗಿರಲಿಲ್ಲ. ಬೆಳಿಗ್ಗೆ ಅವರು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಕೆರೆದುಕೊಳ್ಳುವಾಗ ನಾನು ಬಿಸಿನೀರಿನ ಚೊಂಬು ಹಿಡಿದು ಹಿಂದೆ ನಿಲ್ಲುತ್ತಿದ್ದೆ. ಅವರ ಗಮನ ರೇಜರಿನ ಮೇಲೆ, ನನ್ನದು ಕನ್ನಡಿಯ ಮೇಲೆ. ಅವರ ಮುಖ ನಾನು ಕಲಿತದ್ದು ಅಲ್ಲಿ. ಕನ್ನಡಿಯಲ್ಲಿ ಆ ಮಚ್ಚೆ ಎಡಕ್ಕೆ ಕಾಣುತ್ತಿತ್ತು, ಈ ಪ್ಯಾನ್‌ಕೇಕಿನ ಮೇಲೆ ಈಗ ಕೂತಿದೆಯಲ್ಲ, ಅಲ್ಲೇ. ಫೋಟೋದ ಬಲಗಡೆಯ ಮಚ್ಚೆಗೆ ಇಷ್ಟು ವರ್ಷವಾದರೂ ನಾನು ಪೂರ್ತಿ ಹೊಂದಿಕೊಂಡಿರಲಿಲ್ಲ.

"ಇದೇ ಸರಿ ಪುಟ್ಟಾ" ಎಂದೆ. "ನಾನು ನೋಡಿದ ತಾತ ಇವರೇ." ಕನ್ನಡಿಯ ಕಥೆಯನ್ನು ಹೇಳಲಿಲ್ಲ. ಅದನ್ನೆಲ್ಲ ಮಕ್ಕಳ ಮುಂದೆ ಹೇಗೆ ಹೇಳುವುದು? ಬರೆಯುವುದಾದರೆ ಪರವಾಗಿಲ್ಲ, ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಅಷ್ಟರಲ್ಲಿ ಧ್ರುವ ಹೊರಗೆ ಬಂದಿದ್ದ. ತಟ್ಟೆಯನ್ನು ಸುತ್ತಿ ಸುತ್ತಿ ನೋಡಿದ. ಮೊಸರಿನ ಬಟ್ಟಲಿಗೆ ಚಮಚ ಹಾಕಿ, ತಾತನ ಮೀಸೆಯ ಮೇಲೆ ಮೊಸರು ಸವರಿದ. ತಾನೇ ಗಟ್ಟಿಯಾಗಿ ನಕ್ಕ. ಆಮೇಲೆ ಒಂದು ಕಿವಿ ಮುರಿದು ಬಾಯಿಗೆ ಹಾಕಿಕೊಂಡು, "ತಾತ ಸ್ವೀಟ್ ಇದಾರೆ" ಎಂದ.

ಅಳಿಯಂದಿರು ಸ್ಕ್ರೂಡ್ರೈವರ್ ಹಿಡಿದು ಹಾಲಿಗೆ ಬಂದರು. "ಅತ್ತೆ, ಫೋಟೋ ತೆಗೀಲಾ?" ನಾನು ಸೆರಗು ಸರಿಮಾಡಿಕೊಂಡೆ. ಧ್ರುವ ಓಡಿಹೋಗಿ ಅವರ ಕಾಲು ಹಿಡಿದು, "ಅಪ್ಪಾ, ಎತ್ಕೋ" ಎಂದ. ಎತ್ತಿಕೊಂಡರು. ಹುಡುಗ ಮೊಸರಿನ ಬೆರಳನ್ನು ಫೋಟೋದ ಗಾಜಿನ ಮೇಲಿಟ್ಟು, ಮೀಸೆಯ ಈ ತುದಿಯಿಂದ ಆ ತುದಿಯವರೆಗೆ ಎಳೆದ. ಬಗ್ಗಿ, ಹತ್ತಿರದಿಂದ, ಕಣ್ಣು ತೆರೆದೇ ನೋಡಿದ.

ಸವಿತಾ ಬಟ್ಟೆ ತಂದಳು, ಆದರೆ ಒರೆಸಲಿಲ್ಲ. "ಇರ್ಲಿ ಬಿಡ್ರಿ" ಎಂದಳು ಗಂಡನಿಗೆ. ಸ್ಕ್ರೂಡ್ರೈವರ್ ಡಬ್ಬಿಗೆ ವಾಪಸಾಯಿತು. ಮೊಸರು ಒಣಗಿ ಈಗಲೂ ಅಲ್ಲಿದೆ. ಇನ್‌ಸ್ಪೆಕ್ಟರರ ಕಣ್ಣು ಹಾಗೇ ಕೆಂಡ, ಮೀಸೆ ಮಾತ್ರ ಬೆಳ್ಳಗೆ. ಧ್ರುವ ಬಚ್ಚಲಿಗೆ ಒಬ್ಬನೇ ಹೋಗುತ್ತಾನೆ. ಹೋಗುವಾಗ ಒಮ್ಮೆ ಅವರತ್ತ ಕೈ ಬೀಸುತ್ತಾನೆ.

ಅಂದು ತಟ್ಟೆಯಲ್ಲಿ ಉಳಿದದ್ದನ್ನು ಮಕ್ಕಳು ಹಂಚಿದರು. ಮಚ್ಚೆ ಇದ್ದ ಕೆನ್ನೆ ನನ್ನ ಪಾಲಿಗೆ ಬಂತು. ಆ ಸಂಜೆ ತಂಗಿ ಫೋನು ಮಾಡಿ, "ಇವತ್ತೇನಕ್ಕಾ ತಿಂದೆ, ಹುಲಿನಾ ಸಿಂಹನಾ?" ಎಂದು ಕೇಳಿದಳು.

ನನಗೆ ಎಂಥ ನಾಚಿಕೆಯಾಯಿತೆಂದರೆ, ಉಪ್ಪಿಟ್ಟು ಎಂದು ಹೇಳಿ ಫೋನಿಟ್ಟೆ.