ಬಹುಮಾನದ ಡಬ್ಬಿ

ಸಾರಕ್ಕಿಯ ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಮೇಲೆ ಹೆಸರು ಕೊರೆಯುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಹಲ್ಲು ಜುಮ್ಮೆನ್ನುತ್ತದೆ.

ಶಾಲೆಯ ಓಟದಲ್ಲಿ ಗೆದ್ದಾಗ ನನಗೆ ಸಿಕ್ಕ ಊಟದ ಡಬ್ಬಿ ಇದೇ ಅಂಗಡಿಯವರು ಕೊಟ್ಟದ್ದು. ಮುಚ್ಚಳದ ಮೇಲೆ ತೀರಿಹೋದ ಅವರ ಮಗಳ ಹೆಸರಿತ್ತು.

“ದಾನಿಗಳಿಗೆ ಥ್ಯಾಂಕ್ಸ್ ಹೇಳಮ್ಮ” ಎಂದರು ಮಿಸ್. ಹೇಳಿದೆ. ಅಂಗಡಿಯ ಆಂಟಿ ನನ್ನ ಬೆವರಿದ ಕೆನ್ನೆ ಒರೆಸಿ, “ದಿನಾ ಇದ್ರಲ್ಲೇ ಊಟ ತಗೊಂಡ್ಹೋಗ್ತೀಯಾ, ಪುಟ್ಟಿ?” ಎಂದರು. “ಹೂಂ” ಎಂದೆ.

ಮನೆಯಲ್ಲಿ ಅಮ್ಮ, “ಸತ್ತ ಮಗು ಹೆಸರಿರೋ ಡಬ್ಬೀಲಿ ನನ್ನ ಮಗಳಿಗೆ ಊಟ ಕಟ್ಟಲ್ಲ” ಎಂದು ಅದನ್ನು ಅಟ್ಟಕ್ಕೆ ಹಾಕಿದಳು. ದಾರಿಯಲ್ಲಿ ಆಂಟಿ ಕೇಳಿದಾಗಲೆಲ್ಲ ಸುಳ್ಳು ಹೇಳುತ್ತಿದ್ದೆ.

ಇವತ್ತು ಅದೇ ಅಂಗಡಿಯಲ್ಲಿ ನನ್ನ ಮಗಳಿಗೊಂದು ಡಬ್ಬಿ ಕೊಂಡೆ. ಮುದುಕಿಯಾಗಿರುವ ಆಂಟಿಗೆ ನನ್ನ ಗುರುತು ಸಿಗಲಿಲ್ಲ. “ಮಗು ಹೆಸರೇನಮ್ಮ? ಕೊರೆಸ್ಲಾ?” ಎಂದರು.

“ಬೇಡ ಆಂಟಿ” ಎಂದೆ. ನನ್ನ ಬಾಯಿಂದ ಬಂದದ್ದು ಅಮ್ಮನ ದನಿ.